ಮಾಸದೆ ಉಳಿದ ಜಾಹೀರಾತು

ಮನಸ್ಸು ಒಪ್ಪದ ಮಾತು ಬರೆದರೆ ಶಾಯಿ ಮಧ್ಯಾಹ್ನದೊಳಗೆ ಮಾಸಿಹೋಗುವ ಕಾಲ ಬಂದು ಇಪ್ಪತ್ತು ವರ್ಷವಾಯಿತು. ಹರಿಹರದ ಓದುಗರು ಪತ್ರಿಕೆ ಕೊಂಡರೆ ಮೊದಲು ಬಿಸಿಲಿಗೆ ಹಾಕುತ್ತಾರೆ. ಊಟ ಮುಗಿಸಿ ಬಂದು ಉಳಿದದ್ದನ್ನು ಓದುತ್ತಾರೆ. ಜಾಹೀರಾತಿನಲ್ಲಿ ಸಾಮಾನ್ಯವಾಗಿ ಉಳಿಯುವುದು ಅಂಗಡಿಯ ವಿಳಾಸ.

ಮೀನು ಹಿಡಿಯುವ ಹವ್ಯಾಸಿಗಳ ಮಾಸಪತ್ರಿಕೆಗೆ ಹೊಸ ಸಾಮಾನು ಬಳಸಿ ನೋಡಿ ಬರೆಯುವವನು ನಾನು. ಸಂಪಾದಕಿ ವಿಶಾಲಾಕ್ಷಿ ಕೊಟ್ಟ ಹೊಸ ಗಾಳದ ಕೋಲು ಮೊದಲ ಮೀನಿಗೇ ಮುರಿಯಿತು.

"ಅಜ್ಜಾರೆ, ಹಿಂದಿನ ಪುಟದ ಜಾಹೀರಾತು ಈ ಕೋಲಿನ ಕಂಪನಿಯವರದೇ. ಇವರು ಬಿಟ್ರೆ ಪತ್ರಿಕೆ ಮುಚ್ಚಬೇಕು. ಏನಾದ್ರೂ ಒಳ್ಳೇದು ಬರೀರಿ," ಎಂದಳು.

"ಬರೀಬೋದವ್ವ, ನಿಲ್ಲಬೇಕಲ್ಲ," ಎಂದೆ.

ಹತ್ತು ದಿನ ಬಿಟ್ಟು ಬರೆದೆ: 'ಕೋಲಿನ ಜೊತೆ ಬರುವ ಡಬ್ಬಿ ಬಲು ಗಟ್ಟಿ. ಮೇಲೆ ಕೂತರೂ ಜಗ್ಗುವುದಿಲ್ಲ. ಅದರಲ್ಲಿ ಎರೆಹುಳ ಎಂಟು ದಿನ ಬದುಕಿದವು.' ಕೋಲಿನ ಮಾತೇ ಎತ್ತಲಿಲ್ಲ. ಒಂದಕ್ಷರವೂ ಮಾಸಲಿಲ್ಲ.

ತಿಂಗಳು ಕಳೆದ ಮೇಲೆ ವಿಶಾಲಾಕ್ಷಿ ನಗುತ್ತಾ ಬಂದಳು. "ಮುನ್ನೂರು ಮಂದಿ ಕಂಪನಿಗೆ ಬರೆದಾರಂತೆ ಅಜ್ಜಾರೆ. ಕೋಲು ಬ್ಯಾಡ, ಡಬ್ಬಿ ಅಷ್ಟೇ ಕಳಿಸ್ರಿ ಅಂತ."

ಮುಂದಿನ ಸಂಚಿಕೆಗೆ ಕಂಪನಿಯವರು ಡಬ್ಬಿಯ ಜಾಹೀರಾತನ್ನೇ ಕಳಿಸಿದರು. ಅದು ಸಂಜೆಯಾದರೂ ಹಾಗೇ ಇತ್ತು.