ಎರಡು ಚೀಲ ಬಳಚು

ಹೊಳೆಯ ಚಿಪ್ಪುಮೀನು ಬಳಚಿನ ಸಾರು ಉಂಡ ದಿನದಿಂದ ಮೊಮ್ಮಗಳಿಗೆ ಭೇದಿ ನಿಂತಿರಲಿಲ್ಲ. ಹೊಳೆ ಕೆಡಿಸಿದ ಕಾರ್ಖಾನೆಗೆ ಹಿಡಿಶಾಪ ಹಾಕುತ್ತ ಬುದವಂತಿ ಎರಡು ಚೀಲ ಬಳಚನ್ನು ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಕೊಟ್ಟಿದ್ದಳು. ಒಂದು ಹೊಳೆಯಿಂದ ನೇರ ತಂದದ್ದು, ಇನ್ನೊಂದು ಅಡಿಗೆಗೆಂದು ಮನೆಯಲ್ಲಿಟ್ಟದ್ದು. ಇವತ್ತು ಉತ್ತರ ಸಿಕ್ಕಿತು.

“ಹೊಳೆಯಿಂದ ನೇರ ತಂದದ್ದರ ಹೊಟ್ಟೆ ಚೊಕ್ಕ ಇದೆ ಅಮ್ಮ. ಮನೆಯದ್ದರ ಹೊಟ್ಟೆ ತುಂಬ ಕಕ್ಕಸುಗುಂಡಿಯ ರೋಗಾಣು. ಇದಕ್ಕೇನು ಮಾಡಿದ್ರಿ?” ಎಂದ ಪರೀಕ್ಷೆ ಮಾಡಿದವನು.

“ಎಂತ ಮಾಡೂದು ಸಾರ್? ಮರಳು ಕಾರ್ಲಿ ಅಂತ ಉಪ್ಪು ಹಾಕಿ, ಒಂದು ರಾತ್ರಿ ನಮ್ಮನೆ ಬಾವಿ ನೀರಲ್ಲಿ...”

ಬೆಳಿಗ್ಗೆ ಹೊರಡುವಾಗ ಮಗಳಿಗೆ ಅವಳೇ ತಾಕೀತು ಮಾಡಿದ್ದಳು: “ಮಗೂಗೆ ಹೊಳೇದು ಏನೂ ಕೊಡಬೇಡ. ಬಾವಿ ನೀರಿಗೆ ಉಪ್ಪು ಸಕ್ಕರೆ ಹಾಕಿ ಗಳಿಗೆಗೊಂದ್ಸಲ ಕುಡಿಸ್ತಾ ಇರು.”