ಹದಿನೆಂಟು ತಿಂಗಳ ಗುಟ್ಟು

ಸ್ಕ್ಯಾನ್ ತಂತ್ರವೊಂದರ ಅರ್ಜಿಯ ಚಿತ್ರದಲ್ಲಿದ್ದ ಸೊಟ್ಟ ಪಕ್ಕೆಲುಬನ್ನು ಕಂಡು ಪೇಟೆಂಟ್ ಪರಿಶೀಲಕನ ಪೆನ್ನು ನಿಂತುಬಿಟ್ಟಿತು. ಮೆಟ್ಟಿಲಿಂದ ಬಿದ್ದು ಮುರಿದು, ಹೇಗೆಹೇಗೋ ಕೂಡಿಕೊಂಡಿದ್ದ ಅವನ ಹೆಂಡತಿಯ ಎಲುಬೇ ಅದು. ಎಡಗಡೆ ಹಳೇ ಸ್ಕ್ಯಾನ್ ಇತ್ತು. ಅದನ್ನು ನೋಡಿಯೇ ಡಾಕ್ಟರು, "ಏನೂ ಇಲ್ಲ, ಆರಾಮಾಗಿ ಮನೆಗೆ ಹೋಗಿ" ಅಂದಿದ್ದರು. ಬಲಗಡೆ ಅದೇ ಎದೆಯನ್ನು ಹೊಸ ತಂತ್ರದಲ್ಲಿ ತೋರಿಸಿದ್ದರು. ಬಾಣದ ತುದಿಯಲ್ಲಿ, ಹಳೆಯದರಲ್ಲಿ ಕಾಣದಿದ್ದ ಗಡ್ಡೆಯ ಎಳ್ಳಿನಷ್ಟು ಬಿಳಿ ಚುಕ್ಕೆಯಿತ್ತು.

ಅವನು ಚುಕ್ಕೆಯನ್ನು ಹೆಬ್ಬೆರಳಿನಿಂದ ಮುಚ್ಚಿ, ಇನ್ನೊಂದು ಕೈಯ ಗೆಣ್ಣು ಎಣಿಸಿದ. ಅರ್ಜಿ ಬಂದ ಮೇಲೆ ಹದಿನೆಂಟು ತಿಂಗಳು ಅದನ್ನು ಗುಟ್ಟಾಗಿಡುವುದು ಕಚೇರಿಯ ನಿಯಮ. ಆ ಗಡ್ಡೆಯಿಂದ ಅವಳು ತೀರಿಕೊಂಡಿದ್ದು ಈ ಅರ್ಜಿ ಬಂದ ಹದಿನಾರನೇ ತಿಂಗಳಲ್ಲಿ.

"ಈ ವರ್ಷ ಬರೀ ಸ್ಕ್ಯಾನ್ ಅರ್ಜಿಗಳೇ ರಾಶಿ ಬಿದ್ದಿವೆ," ಅಂದಳು ಪಕ್ಕದ ಮೇಜಿನವಳು. "ನಿಮ್ಮ ಕೈಲಿರೋದ್ರಲ್ಲಾದ್ರೂ ಹೊಸದೇನಾದ್ರೂ ಇದೆಯಾ?"

ಅವನು ಹೆಬ್ಬೆರಳು ತೆಗೆಯಲಿಲ್ಲ.

"ಹೊಸದೇ," ಅಂದ. "ಇದನ್ನು ಕಂಡುಹಿಡಿದವರು ಯಾರಿಗೂ ಹೇಳಿರಲಿಲ್ಲ."