ರವಿಕೆ 1.0

"ಒಂಬತ್ತಾದ್ಮೇಲೆ ಹತ್ತಂತೆ! ಹತ್ತು ಬಂದ್ರೂ ಮುಂದ್ಗಡೆ ಸೊನ್ನೆ ಮಾತ್ರ ಬುಡಲ್ವಂತೆ! ಕೇಳಿದ್ಯೇನಪ್ಪ ಮುತ್ತುರಾಜ?" ಮಧುಗಿರಿಯ ತನ್ನ ಟೈಲರ್ ಅಂಗಡಿಯಲ್ಲಿ ಸರೋಜಮ್ಮ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. ಸ್ಪೀಕರಿಗೆ ಹಾಕಿದ್ದ ಫೋನಿನೊಳಗೆ ಪಾವಗಡದ ಮುತ್ತುರಾಜ್ ಕಿಸಕ್ಕನೆ ನಕ್ಕ. ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಗಣಿತದ ಟೀಚರ್ ಮಂಜುಶ್ರೀ ಮಾತ್ರ ನಗಲಿಲ್ಲ. 0.9.9ರ ಮುಂದಿನ ಆವೃತ್ತಿಗೆ ತಾನೇ ಬರೆದ 0.9.10 ಎಂಬುದನ್ನು ದಿಟ್ಟಿಸುತ್ತಿದ್ದಳು.

'ರವಿಕೆ' ಅವಳೇ ಬರೆದ ತಂತ್ರಾಂಶ. ಅಳತೆ ಕೊಟ್ಟರೆ ಸಾಕು, ಬೆನ್ನು, ಎದೆ, ತೋಳುಗಳ ನಕ್ಷೆಯನ್ನು ಕಸೂತಿಯ ಗೆರೆ ಸಮೇತ ಅಚ್ಚು ಹಾಕಿಕೊಡುತ್ತಿತ್ತು. ಕಾಸು ಕೊಡಬೇಕಿಲ್ಲ, ಒಳಗಿನ ಕೋಡನ್ನು ಯಾರು ಬೇಕಾದರೂ ತೆರೆದು ತಿದ್ದಬಹುದು. ಹಾಗೆ ತಿದ್ದಲು ಬಂದು ಜೊತೆಯಾದವನು ಮುತ್ತುರಾಜ್. ಮೊದಮೊದಲು ಅವನು 'ಫೈನಲ್', 'ಹೊಸ ಫೈನಲ್', 'ಇದೇ ಫೈನಲ್' ಎಂದೆಲ್ಲ ಆವೃತ್ತಿಗಳಿಗೆ ಹೆಸರಿಟ್ಟಿದ್ದರಿಂದ, ಯಾವುದು ಮುಂಚಿನದು ಯಾವುದು ಆಮೇಲಿನದು ತಿಳಿಯದೆ ಟೈಲರುಗಳು ತಲೆ ಕೆರೆದುಕೊಂಡಾಗ, ನಿಯಮ ಬರೆದವಳು ಮಂಜುಶ್ರೀಯೇ. ತಪ್ಪು ತಿದ್ದಿದರೆ ಕೊನೆಯ ಅಂಕಿ ಏರಬೇಕು. ಒಮ್ಮೆ ಬಿಡುಗಡೆ ಮಾಡಿದ ಅಂಕಿಯನ್ನು ಹಿಂದಕ್ಕೆ ಪಡೆಯುವಂತಿಲ್ಲ. ಮುಂದೆ ಸೊನ್ನೆ ಇದ್ದರೆ 'ಇನ್ನೂ ಪ್ರಯೋಗ, ನೆಚ್ಚಬೇಡಿ' ಎಂದು. ಒಂದು ಇದ್ದರೆ 'ಇದು ನನ್ನ ಕೆಲಸ, ನಂಬಿ' ಎಂದು.

ಆ ಒಂದನ್ನು ಬರೆಯಲು ಅವಳ ಕೈ ಏಳುತ್ತಿರಲಿಲ್ಲ.

"ಮೇಡಂ, ಕೊರಟಗೆರೆ, ಬಡವನಹಳ್ಳಿಯೋರೆಲ್ಲ ಇದ್ರಲ್ಲೇ ಕಟಿಂಗ್ ಮಾಡ್ತಾವ್ರೆ. ಇಂಕಾ ಏಮಿ, ಇನ್ನೂ ಏನ್ ಪ್ರಯೋಗ?" ಮುತ್ತುರಾಜ್ ಪಾವಗಡದ ತೆಲುಗು ಬೆರೆಸಿ ಕೇಳಿದ.

"ತೋಳಿನ ಸುತ್ತಳತೆ ಇನ್ನೊಂದ್ಸಲ ನೋಡ್ಬೇಕು ಕಣಪ್ಪ."

"ನೋಡ್ತಾಳೆ, ನೋಡ್ತಾನೇ ಇರ್ತಾಳೆ," ಎಂದಳು ಸರೋಜಮ್ಮ. "ಇವಳ ಮದ್ವೆ ರವ್ಕೆ ಹೊಲ್ದೋಳು ನಾನೇ ಕಣ್ಲಾ. ಅವತ್ತೂ ಇಂಗೇ. ಸರಿ ಐತಾ ಅಕ್ಕ, ಸರಿ ಐತಾ ಅಕ್ಕ ಅಂತ ಕನ್ನಡಿ ಮುಂದೆ ನಿಂತಿದ್ರೆ, ಗಂಡು ಹಸೆ ಮ್ಯಾಲೆ ತೂಕಡಿಸ್ತಾ ಕುಂತಿದ್ದ!"

ಸುಳ್ಳೇನಲ್ಲ ಎನ್ನಿಸಿತು ಮಂಜುಶ್ರೀಗೆ. ಇವತ್ತಿಗೂ ಊಟ ಬಡಿಸುವಾಗ 'ಸಾರು ಅಷ್ಟು ಚೆನ್ನಾಗಿಲ್ಲ' ಎಂದೇ ಸೌಟು ಎತ್ತುತ್ತಾಳೆ. ಹಾಡು ಎಂದರೆ 'ಗಂಟಲು ಕಟ್ಟಿದೆ' ಎನ್ನುತ್ತಾಳೆ. ಹೊಸ ಸೀರೆ ಉಟ್ಟರೆ 'ಹಳೇದು' ಎನ್ನುತ್ತಾಳೆ. ಬೇರೆಯವರು ಎತ್ತಿ ಆಡುವ ಮೊದಲೇ ತನ್ನನ್ನು ತಾನೇ ಆಡಿಕೊಂಡು ಮುಗಿಸುವುದು. ಇದೆಂಥ ಹುಚ್ಚಪ್ಪ ಎಂದು ಒಮ್ಮೆಗೇ ನಗು ಬಂತು. ಆ ನಗು ಆರುವ ಮುನ್ನ ಬರೆದಿದ್ದನ್ನು ಅಳಿಸಿ, 1.0.0 ಎಂದು ಹೊಡೆದು, ಕಣ್ಣು ಮುಚ್ಚಿ ಗುಂಡಿ ಒತ್ತಿಯೇ ಬಿಟ್ಟಳು.

ಬೆಟ್ಟದ ಕಡಿದಾದ ಬಂಡೆಯ ಮೇಲೆ ಹಿಡಿದಿದ್ದ ಕಂಬಿ ಬಿಟ್ಟು ನಿಂತ ಹಾಗಾಯಿತು. ಸರೋಜಮ್ಮ ಕೇಕೆ ಹಾಕಿ, ಕೈಗೆ ಸಿಕ್ಕ ಬಣ್ಣಬಣ್ಣದ ಬಟ್ಟೆಚೂರುಗಳನ್ನು ಬಾಚಿ ಅವಳ ತಲೆಯ ಮೇಲೆ ಸುರಿದಳು. "ವಚ್ಚೇಸಿಂದಿ! ಒಕಟಿ ವಚ್ಚೇಸಿಂದಿ, ಒಂದು ಬಂದೇಬಿಡ್ತು ಮೇಡಂ!" ಎಂದು ಮುತ್ತುರಾಜ್ ಪಾವಗಡದಲ್ಲಿ ಕುಣಿದದ್ದು ಫೋನಿನಲ್ಲೇ ಕೇಳಿಸಿತು.

ತರಿಸಿದ ಕಾಫಿ ಇನ್ನೂ ಬಿಸಿಯಿರುವಾಗಲೇ ಶಿರಾದ ಟೈಲರ್ ನೂರ್‌ಜಹಾನಳ ವಾಯ್ಸ್ ಮೆಸೇಜು ಬಂತು. "ಮುಬಾರಕ್ ಮಂಜುಶ್ರೀ ಬಾಜಿ! ಒಂದ್ನೇ ನಂಬರ್ ಇಳಿಸ್ಕೊಂಡೆ. ಬಲಗೈ ಕಸೂತಿ ನವಿಲು ಮಸ್ತ್ ಬಂತು. ಎಡಗೈ ಹಾಳೆ ನೋಡಿದ್ರೆ ಪೂರಾ ಖಾಲಿ! ನಮ್ ದುಲ್ಹನ್, ಮದ್ವೆ ಹುಡ್ಗಿಗೆ ಒಂದೇ ಕೈಯಾ ಬಾಜಿ?"

ಮಂಜುಶ್ರೀ ಕೋಡನ್ನು ತೆರೆದು ನೋಡಿದಳು. ಬೆಳಿಗ್ಗೆ 'ಇದು ಯಾಕೆ ದಂಡಕ್ಕೆ' ಎಂದು ಅವಳೇ ಒಂದು ಸಾಲು ಅಳಿಸಿದ್ದಳು. ಎಡಗೈ ಅದರ ಜೊತೆಗೇ ಹೋಗಿತ್ತು.

"ಟೆನ್ಶನ್ ವದ್ದು, ಬೇಡ ಮೇಡಂ," ಮುತ್ತುರಾಜ್ ಪಿಸುಗುಟ್ಟಿದ. "ಇಳಿಸ್ಕೊಂಡಿರೋದು ಅವ್ರೊಬ್ರೇ. ಈಗ್ಲೇ ತೆಗೆದ್ಬುಟ್ಟು ವಾಪಸ್ ಸೊನ್ನೆದೇ ಹಾಕಿದ್ರೆ ಯಾರ್ಗೂ ಗೊತ್ತಾಗಲ್ಲ."

ಬಾಯಿಗೆ ಸೆರಗು ಒತ್ತಿಕೊಂಡಿದ್ದ ಸರೋಜಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಎಡಗೈ ಮ್ಯಾಲೆ ಎಂಗೂ ಸೆರಗು ಬರ್ತದಲ್ಲ ಕಣಮ್ಮ, ಮುಚ್ಕೊಂಡ್ಬುಟ್ರೆ ಆಯ್ತು!" ಎಂದವಳೇ ಬಟ್ಟೆರಾಶಿಯ ಮೇಲೆ ಬಿದ್ದು ನಗತೊಡಗಿದಳು. ಮಂಜುಶ್ರೀ ಬೈಯಲು ಬಾಯಿ ತೆರೆದಳು. ಹೊರಬಂದದ್ದು ನಗು. ಕಣ್ಣಲ್ಲಿ ನೀರು ಬಂತು, ಬಿಕ್ಕಳಿಕೆ ಬಂತು, ಮೇಜು ಹಿಡಿದುಕೊಳ್ಳಬೇಕಾಯಿತು. ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದಳೋ ಅದು ಬಂದೇ ಬಿಟ್ಟಿತ್ತು. ಬಂದು, ಪಕ್ಕದಲ್ಲೇ ಕೂತು ಕಚಗುಳಿ ಇಡುತ್ತಿತ್ತು.

"ಬೇಡ ಮುತ್ತುರಾಜ್," ಎಂದಳು ಉಸಿರು ಸುಧಾರಿಸಿಕೊಂಡು. "ಹಿಂದಕ್ಕೆ ಹೋಗೋದಿಲ್ಲ."

"ತಪ್ಪು ಎಲ್ರಿಗೂ ಕಾಣ್ತದೆ ಕದಾ ಮೇಡಂ?"

"ಕಾಣ್ಲಿ ಬಿಡು."

ಅಳಿಸಿದ ಸಾಲನ್ನು ಮತ್ತೆ ಸೇರಿಸಿದಳು. ಅಚ್ಚು ಹಾಕಿ ನೋಡಿದಳು. ಎಡಗೈಯ ನವಿಲು ಕತ್ತು ಕೊಂಕಿಸಿಕೊಂಡು ಹೊರಬಂತು. 1.0.1 ಎಂದು ಬರೆದಳು. 'ಏನು ಬದಲಾಗಿದೆ?' ಎಂದು ಕೇಳುವ ಜಾಗದಲ್ಲಿ ಅವಳು ಪ್ರತಿಸಲ ಕ್ಷಮೆ ಕೇಳಿ ಉದ್ದಕ್ಕೆ ಬರೆಯುತ್ತಿದ್ದಳು. ಈ ಸಲ ಎರಡೇ ವಾಕ್ಯ ಬರೆದು ಕಳಿಸಿದಳು:

'ಎಡಗೈ ಬಂದಿದೆ. ಉಳಿದದ್ದೆಲ್ಲ ಮೊದಲೇ ಸರಿಯಾಗಿತ್ತು.'